ಕೋಲಸಿರ್ಸಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ?

ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಡುವ ವಿಮಾನ ಅದೇ ದಿನ ಸಂಜೆ 5 ಗಂಟೆಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ಹಾರಾಟ ಶುರು ಮಾಡಿದಾಗ ಪ್ರಕಟಿಸಿದ ವೇಳಾಪಟ್ಟಿಯಲ್ಲಿ ಇದ್ದದ್ದು ಹೀಗೆ. ಗಡಿಯಾರ ನೋಡಿ ಲೆಕ್ಕ ಹಾಕಿದರೆ ಬರೀ ಎರಡೂವರೆ ತಾಸು. ಶಿರಸಿಯಲ್ಲಿ ಬಸ್ಸು ಹತ್ತಿದವರು ಮುಂಡಗೋಡ ದಾಟಿ ಹುಬ್ಬಳ್ಳಿ ಸೇರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ವಾಪಸು ಬರುವ ವಿಮಾನದ ಕತೆ ಇದಕ್ಕೆ ತೀರಾ ಉಲ್ಟಾ. ಮೊದಲ ಹಾರಾಟ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟದ್ದು ಜನವರಿ 9ರ ಶನಿವಾರ ರಾತ್ರಿ 8.30ಕ್ಕೆ, ಬೆಂಗಳೂರಿನಲ್ಲಿ ಇಳಿದದ್ದು ಜನವರಿ 11ರ ಸೋಮವಾರ ಬೆಳಗಿನ ಜಾವ.

ಎರಡೂ ಲೆಕ್ಕ ಸರಿಯಾದದ್ದೇ. ಹೋಗುವಾಗ ಆಕಾಶದಲ್ಲಿ ಕಳೆಯುವುದು ಸುಮಾರು 16 ತಾಸು, ಬರುವಾಗ 17 ತಾಸಿನ ಮೇಲೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದಿರುತ್ತದೆ. ಹೋಗುವಾಗ ಅಷ್ಟನ್ನು ಕಳೆಯಬೇಕು, ಬರುವಾಗ ಅಷ್ಟನ್ನೂ ಕೂಡಿಸಬೇಕು. ಭೂಮಿ 15 ಡಿಗ್ರಿ ತಿರುಗಲು ಒಂದು ತಾಸು ತೆಗೆದುಕೊಳ್ಳುತ್ತದೆ. ಸಿದ್ದಾಪುರ ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮದಲ್ಲಿ. ನಡುವೆ ಭೂಮಿಯ ಅರ್ಧ ಸುತ್ತಿಗಿಂತ ತುಸು ಹೆಚ್ಚೇ ಅಂತರ. ಇಲ್ಲಿ ಬೆಳಿಗ್ಗೆ ಆಸ್ರಿ ಮುಗಿಸಿ ತೋಟಕ್ಕೆ ಇಳಿಯುವಾಗ ಅಲ್ಲಿ ಹಿಂದಿನ ದಿನದ ದೀಪ ಹಚ್ಚುವ ಹೊತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಈ ಲೆಕ್ಕ ಈಗ ದಿನಬಳಕೆಯದು. ಅಡಿಕೆ ತೋಟದ ಮನೆಗಳ ಮಕ್ಕಳು ಓದಿ ಬೆಂಗಳೂರಿಗೆ ಹೋದರು. ಅಲ್ಲಿಂದ ಕೆಲವರು ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಿಗೆ ಹೋದರು. ಅಮೆರಿಕದಲ್ಲಿ ಕನ್ನಡ ಕೂಟಗಳ ಜೊತೆಗೆ ಹವ್ಯಕ ಸಮುದಾಯದ್ದೇ ಆದ ಸಂಘವೂ ಇದೆ. ಮಗಳ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಹೊರಡುವ ಅಮ್ಮಂದಿರು, ಮೊಮ್ಮಗನ ಉಪನಯನಕ್ಕೆ ಹೋಗುವ ಅಜ್ಜಂದಿರು ಸಿದ್ದಾಪುರ ತಾಲ್ಲೂಕಿನ ಕೋಲಸಿರ್ಸಿಯಂಥ ಊರುಗಳಲ್ಲಿ ಇಂದು ಅಪರೂಪವಲ್ಲ. ಇವರಲ್ಲಿ ಎಷ್ಟೋ ಜನರಿಗೆ ಬದುಕಿನ ಮೊದಲ ವಿಮಾನ ಪ್ರಯಾಣವೇ ಹದಿನಾಲ್ಕು ಸಾವಿರ ಕಿಲೋಮೀಟರಿನದು. "ಯಾವಾಗ ಮುಟ್ತೆ ತಮಾ?" ಎಂದು ಶಿರಸಿ ಬಸ್ಸು ಹತ್ತಿದ ಮಗನನ್ನು ಕೇಳುತ್ತಿದ್ದ ತಾಯಿಗೆ ಈಗ ಅದೇ ಪ್ರಶ್ನೆಗೆ ತಾನು ಉತ್ತರ ಕೊಡಬೇಕಾದ ಸರದಿ. ಆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ.

ಮೊದಲು ದೂರವನ್ನೇ ನೋಡೋಣ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಅಂತರ 13,993 ಕಿ.ಮೀ. ಎಂದು ಏರ್ ಇಂಡಿಯಾ ಹೇಳಿತ್ತು. ಯಾವ ವಿಮಾನವೂ ಹಾರಿ ಅಳೆದು ತಂದ ಸಂಖ್ಯೆ ಇದಲ್ಲ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು. ಭೂಮಿಯ ತ್ರಿಜ್ಯ ಸರಾಸರಿ 6,371 ಕಿ.ಮೀ. ಎಂದು ಹಿಡಿದು, ಹೈಸ್ಕೂಲಿನಲ್ಲಿ ಕಲಿತ ಸೈನ್, ಕೊಸೈನ್‌ಗಳನ್ನು ಬಳಸಿ ಗೋಳದ ಮೇಲಿನ ಅತಿ ಚಿಕ್ಕ ಕಮಾನನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಪೈಲಟ್‌ಗಳು ಬಳಸುವ ಅಳತೆ ನಾಟಿಕಲ್ ಮೈಲಿ. ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು, ಅಂದರೆ 1,852 ಮೀಟರ್. ಆ ಲೆಕ್ಕದಲ್ಲಿ ಇದು ಸುಮಾರು 7,556 ಮೈಲಿ.

ಈ ಚಿಕ್ಕ ದಾರಿ ಎಲ್ಲೆಲ್ಲಿ ಹಾಯುತ್ತದೆ ಎಂಬುದು ಹಲವರಿಗೆ ಅಚ್ಚರಿ ತರಬಹುದು. ಶಾಲೆಯ ಗೋಡೆಯ ಮೇಲಿನ ಜಗತ್ತಿನ ನಕಾಶೆ ನೋಡಿ ಬೆಳೆದವರು ಅಮೆರಿಕವೆಂದರೆ ಪಶ್ಚಿಮಕ್ಕೆ, ಅರಬ್ಬಿ ಸಮುದ್ರ ದಾಟಿ, ಆಫ್ರಿಕದ ಮೇಲೆ ಹಾದು, ಅಟ್ಲಾಂಟಿಕ್ ಆಚೆ ಎಂದೇ ತಿಳಿಯುತ್ತಾರೆ. ಅಂಥ ನಕಾಶೆಗಳಲ್ಲಿ ಅನೇಕವು 1569ರಲ್ಲಿ ಮರ್ಕೇಟರ್ ರೂಪಿಸಿದ ಕ್ರಮದ ಜಾಡಿನವು. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಉತ್ತರದ ನಾಡುಗಳು ಅದರಲ್ಲಿ ವಿಪರೀತ ಹಿಗ್ಗಿವೆ. ನಕಾಶೆ ಬಿಟ್ಟು ಗೋಳವನ್ನೇ ಕೈಗೆತ್ತಿಕೊಂಡು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರ ಬಿಗಿದು ಹಿಡಿದರೆ ಅದು ಪಶ್ಚಿಮಕ್ಕೆ ಹೋಗುವುದೇ ಇಲ್ಲ. ಉತ್ತರಕ್ಕೆ ಮುಖ ಮಾಡಿ ಸ್ವಲ್ಪ ಬಲಕ್ಕೆ ವಾಲುತ್ತದೆ. ನೇಪಾಳ, ಟಿಬೆಟ್, ಚೀನಾದ ಪಶ್ಚಿಮ ಭಾಗ, ಮಂಗೋಲಿಯಾ, ಸೈಬೀರಿಯಾ ಹಾಯ್ದು 71 ಡಿಗ್ರಿ ಉತ್ತರದ ತನಕ ಏರಿ, ರಷ್ಯಾದ ಈಶಾನ್ಯ ತುದಿಯ ಹಿಮಸಾಗರದ ಅಂಚಿನಲ್ಲಿ ಬಾಗಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ದಾರಿಯುದ್ದಕ್ಕೂ ಆಫ್ರಿಕವೂ ಇಲ್ಲ, ಅಟ್ಲಾಂಟಿಕ್ ಕೂಡ ಇಲ್ಲ.

ದಾರದ ಈ ದಾರಿಯಲ್ಲೇ ವಿಮಾನ ಹೋಗುತ್ತದೆಯೇ? ಇಲ್ಲ.

2021ರ ಆ ಮೊದಲ ಹಾರಾಟದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಣೆ, ಶಿವಾನಿ ಮನ್ಹಾಸ್. 238 ಆಸನಗಳ ಬೋಯಿಂಗ್ 777-200 ಎಲ್‌ಆರ್ ವಿಮಾನವನ್ನು ಅವರು ಉತ್ತರ ಧ್ರುವದ ಮೇಲಿಂದ ತಂದರು. ದಾರ ಮುಟ್ಟುವುದು 71 ಡಿಗ್ರಿಯನ್ನು, ಧ್ರುವವಿರುವುದು 90ರಲ್ಲಿ. ಅಂದರೆ ಬೇಕೆಂದೇ ಸುತ್ತು ಹಾಕಿದ ದಾರಿ ಅದು. ಕಾರಣ ಗಾಳಿ.

ನೆಲದಿಂದ ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿ ಇದೆ. ಜೆಟ್ ಸ್ಟ್ರೀಮ್ ಎಂದು ಅದರ ಹೆಸರು. ಚಳಿಗಾಲದಲ್ಲಿ ಜಪಾನ್ ಸುತ್ತ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಇದನ್ನು ಮೊದಲು ಕ್ರಮವಾಗಿ ಅಳೆದವರು ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಅವು ಹೋಗುವ ದಿಕ್ಕು, ವೇಗಗಳನ್ನು ಅವರು ದಾಖಲಿಸಿದರು. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಆ ಭಾಷೆ ಬಲ್ಲವರು ಕಡಿಮೆಯಾದ್ದರಿಂದ ಅದು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನತ್ತ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಎದುರುಗಾಳಿಗೆ ಸಿಕ್ಕಿ ನಿಂತಲ್ಲೇ ನಿಂತಂತಾದಾಗಲೇ ಉಳಿದವರಿಗೆ ಅದರ ಬಲ ಅರಿವಾದದ್ದು.

ಬೆಂಗಳೂರಿನಿಂದ ಹೊರಟ ವಿಮಾನಕ್ಕೆ ಈ ಗಾಳಿ ಬೆನ್ನಿಗೆ ಸಿಕ್ಕರೆ ಲಾಭ. ಅದಕ್ಕಾಗಿ ಅದು ಪೂರ್ವಕ್ಕೆ ತಿರುಗಿ, ದೂರ ಹೆಚ್ಚಾದರೂ ಸರಿ ಎಂದು ಪೆಸಿಫಿಕ್ ಸಾಗರದ ಮೇಲೆ ಹೋಗುವುದುಂಟು. ಬರುವಾಗ ಅದೇ ಗಾಳಿ ಮುಖಕ್ಕೆ ಬಡಿಯುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಉತ್ತರಕ್ಕೆ, ಧ್ರುವದತ್ತ ಸರಿಯಬೇಕು. ಒಂದೇ ವಿಮಾನ, ಅವೇ ಎರಡು ಊರು; ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ದಿನದಿನದ ಗಾಳಿಯ ಮುನ್ಸೂಚನೆ ನೋಡಿ ಹಾರಾಟಕ್ಕೆ ಕೆಲವು ತಾಸು ಮೊದಲು ದಾರಿ ನಿಗದಿಯಾಗುತ್ತದೆ. ಎದುರಿನ ಸೀಟಿನ ಬೆನ್ನಿಗಿರುವ ಪುಟ್ಟ ಪರದೆಯಲ್ಲಿ ಪ್ರಯಾಣಿಕರೇ ಇದನ್ನು ಗಮನಿಸಬಹುದು. ಸಿನಿಮಾ ಬದಲು ನಕಾಶೆ ಹಾಕಿಕೊಂಡರೆ 'ಗ್ರೌಂಡ್ ಸ್ಪೀಡ್' ಎಂಬ ಸಂಖ್ಯೆ ಕಾಣುತ್ತದೆ. ಎಂಜಿನ್ನಿನ ಸದ್ದು ಒಂದಿಷ್ಟೂ ಬದಲಾಗದೆ ಆ ಸಂಖ್ಯೆ ಒಮ್ಮೆ 800ರ ಆಸುಪಾಸಿಗೆ ಇಳಿಯುತ್ತದೆ, ಇನ್ನೊಮ್ಮೆ 1,000 ದಾಟುತ್ತದೆ. ನಡುವಿನ ವ್ಯತ್ಯಾಸವೆಲ್ಲ ಗಾಳಿಯದು. ನಿದ್ದೆ ಬಾರದ ರಾತ್ರಿಯಲ್ಲಿ ನೋಡುತ್ತ ಕೂರಲು ಅದಕ್ಕಿಂತ ಒಳ್ಳೆಯದು ಆ ಪರದೆಯಲ್ಲಿ ಇಲ್ಲ.

ಧ್ರುವದ ದಾರಿಗೆ ಅದರದೇ ಕಷ್ಟಗಳಿವೆ. ಕಾಂತೀಯ ದಿಕ್ಸೂಚಿ ಅಲ್ಲಿ ನೆಚ್ಚಲಾಗದು. ಅಮೆರಿಕದಲ್ಲಿ ತುಂಬಿಸುವ ಜೆಟ್-ಎ ಇಂಧನ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ರೆಕ್ಕೆಯೊಳಗಿನ ಟ್ಯಾಂಕಿನ ತಾಪಮಾನದ ಮೇಲೆ ಪೈಲಟ್‌ಗಳು ಸದಾ ಕಣ್ಣಿಟ್ಟಿರಬೇಕು. ತೀರಾ ತಣ್ಣಗಾದರೆ ಕೆಳಗಿಳಿಯಬೇಕು ಇಲ್ಲವೇ ವೇಗ ಹೆಚ್ಚಿಸಬೇಕು. ತುರ್ತಾಗಿ ಇಳಿಯಬೇಕಾಗಿ ಬಂದರೆ ಹತ್ತಿರದಲ್ಲಿ ನಿಲ್ದಾಣಗಳೂ ವಿರಳ.

ಇನ್ನು ದಾರ ಹಾಯ್ದು ಹೋದ ಟಿಬೆಟ್. ಅದರ ಮೇಲಿನ ಆಕಾಶವನ್ನು ಪ್ರಯಾಣಿಕ ವಿಮಾನಗಳು ಆದಷ್ಟು ತಪ್ಪಿಸುತ್ತವೆ. ಶಿಖರಗಳಿಗೆ ತಾಗುತ್ತದೆ ಎಂಬ ಭಯವಲ್ಲ. ವಿಮಾನ ಎವರೆಸ್ಟ್‌ಗಿಂತ ಮೇಲೇ ಹಾರುತ್ತದೆ. ಒಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಪ್ರಯಾಣಿಕರ ತಲೆಯ ಮೇಲಿಂದ ಜಾರುವ ಆಮ್ಲಜನಕದ ಮುಖವಾಡ ಬಹುಪಾಲು ವಿಮಾನಗಳಲ್ಲಿ ಹನ್ನೆರಡರಿಂದ ಇಪ್ಪತ್ತು ಚಿಲ್ಲರೆ ನಿಮಿಷ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ವಿಮಾನ ಉಸಿರಾಡಬಹುದಾದ ಎತ್ತರಕ್ಕೆ, ಅಂದರೆ ಸುಮಾರು 3,000 ಮೀಟರಿಗೆ ಇಳಿಯಲೇಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಇಳಿಯುವುದಾದರೂ ಎಲ್ಲಿಗೆ?

ಗಾಳಿ, ಗುಡ್ಡಗಳ ಮೇಲೆ ಮನುಷ್ಯರು ಎಳೆದ ಗೆರೆಗಳೂ ಸೇರಿಕೊಂಡಿವೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಅಮೆರಿಕ, ಯುರೋಪಿನ ವಿಮಾನ ಸಂಸ್ಥೆಗಳಿಗೆ ಮುಚ್ಚಿತು. ಭಾರತದ ವಿಮಾನಗಳಿಗೆ ತೆರೆದೇ ಇತ್ತು. ಬೆಂಗಳೂರಿಗೆ ನೇರ ಹಾರಾಟ ಮಾಡುವುದಾಗಿ ಅಮೆರಿಕದ ಎರಡು ಸಂಸ್ಥೆಗಳು ಕೋವಿಡ್ ಶುರುವಾದ ಆಸುಪಾಸಿನಲ್ಲಿ ಘೋಷಿಸಿದ್ದವು: ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊದಿಂದ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ. ಎರಡೂ ಹಾರಾಟಗಳು ಶುರುವಾಗಲೇ ಇಲ್ಲ. ಆಕಾಶ ತೆರೆದಿದ್ದವರಿಗೂ ಪೇಚು ತಪ್ಪಲಿಲ್ಲ: 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು ತಾತ್ಕಾಲಿಕ ವಸತಿಯಲ್ಲಿ ಕಾದು, ಮುಂಬೈಯಿಂದ ಬೇರೆ ವಿಮಾನ ಬಂದ ಮೇಲೆ ಜೂನ್ 8ರಂದು ಮುಂದಕ್ಕೆ ಹೊರಟರು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನ ತುಂಬಿಸಿಕೊಳ್ಳಲು ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಊರುಗಳ ನಡುವಿನ ದೂರ ಒಂದು ಅಂಗುಲವೂ ಬದಲಾಗಿರಲಿಲ್ಲ.

ನೇರ ವಿಮಾನ ಸಿಗದವರು ದುಬೈ ಅಥವಾ ಫ್ರಾಂಕ್‌ಫರ್ಟ್ ಮೇಲೆ ಹೋಗುತ್ತಾರೆ. ದುಬೈಗೆ ಸುಮಾರು 2,700 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,000. ಒಟ್ಟು 15,700, ನೇರ ದೂರಕ್ಕಿಂತ ನೂರಕ್ಕೆ ಹನ್ನೆರಡರಷ್ಟು ಮಾತ್ರ ಹೆಚ್ಚು. ಫ್ರಾಂಕ್‌ಫರ್ಟ್ ಮೇಲಾದರೆ 7,400 ಮತ್ತು 9,150 ಸೇರಿ 16,550. ಹಾರಾಟದ ಹೊತ್ತು ಕೆಲವು ತಾಸು ಹೆಚ್ಚಾದೀತು, ಅಷ್ಟೇ. ಆದರೆ ನಡುವೆ ಇಳಿದು, ಮತ್ತೆ ತಪಾಸಣೆಗೆ ನಿಂತು, ಮೂರೋ ಆರೋ ತಾಸು ಕಾದು ಇನ್ನೊಂದು ವಿಮಾನ ಹತ್ತುವಷ್ಟರಲ್ಲಿ ಪ್ರಯಾಣ ಒಂದು ಪೂರಾ ದಿನ ಮೀರುತ್ತದೆ. ಇಂಗ್ಲಿಷ್ ಬಾರದ ಹಿರಿಯರಿಗೆ ಆ ಕಾಯುವಿಕೆಯೇ ಹೆದರಿಕೆಯದು. ಕಾಲು ಗಟ್ಟಿ ಇದ್ದವರಿಗೂ ಮಕ್ಕಳು ಗಾಲಿಕುರ್ಚಿ ಕಾಯ್ದಿರಿಸುವುದು ಇದೇ ಕಾರಣಕ್ಕೆ: ಕುರ್ಚಿ ತಳ್ಳುವವರು ಸರಿಯಾದ ಗೇಟಿನ ತನಕ ಕರೆದುಕೊಂಡು ಹೋಗಿ ಬಿಡುತ್ತಾರೆ.

ಹಿಂದಿನದನ್ನು ನೆನೆದರೆ ಇವೆಲ್ಲ ಸಣ್ಣ ತೊಂದರೆಗಳು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬೈಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು. ಆ ದಾರಿಯ ನಡುವಿನ ನಿಲುಗಡೆ ನಮ್ಮ ಬಳ್ಳಾರಿ. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಯ ತನಕ ತಂದ ಕಾಗದಗಳು ಕನ್ನಡ ನೆಲದ ಮೇಲೆ ಹಾರಿದ್ದು ಹಾಗೆ. 1948ರ ಜೂನ್ 8ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬೈ ಬಿಟ್ಟು ಕೈರೋ, ಜಿನೀವಾಗಳಲ್ಲಿ ಇಳಿದು ಲಂಡನ್ ಸೇರಿದ್ದು ಜೂನ್ 10ಕ್ಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಂಹಳಕ್ಕೆ ಕ್ಯಾಟಲೀನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನಗಳು ಎಲ್ಲೂ ನಿಲ್ಲದೆ 27ರಿಂದ 32 ತಾಸು ಹಾರುತ್ತಿದ್ದವು. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದರಿಂದ ಆ ಸೇವೆಗೆ 'ಡಬಲ್ ಸನ್‌ರೈಸ್' ಎಂದೇ ಹೆಸರು ಬಿತ್ತು. ಕ್ರಮಿಸುತ್ತಿದ್ದ ದೂರ ಆರು ಸಾವಿರ ಕಿಲೋಮೀಟರಿಗೂ ಕಡಿಮೆ. ಇಂದು ಸಿಂಗಪುರದಿಂದ ನ್ಯೂಯಾರ್ಕ್‌ಗೆ ಹೋಗುವ ವಿಮಾನ 15,349 ಕಿ.ಮೀ.ಯನ್ನು ಸುಮಾರು 19 ತಾಸಿನಲ್ಲಿ ಮುಗಿಸುತ್ತದೆ.

ಆದರೆ ಈ ಎಲ್ಲ ಲೆಕ್ಕ ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ. ವಿಮಾನ ನಿಲ್ದಾಣದಲ್ಲಿ ಯಾರ ಮನೆಯೂ ಇಲ್ಲ. ಪ್ರಯಾಣದ ಲೆಕ್ಕ ಮನೆಯ ಹೊಸ್ತಿಲಿನಿಂದಲೇ ಶುರುವಾಗಬೇಕು. ಹಾಗೆ ಶುರು ಮಾಡಿದರೆ ಚಿತ್ರವೇ ಬದಲಾಗುತ್ತದೆ.

ಶಿರಸಿಯಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಹಕ್ಕಿ ಹಾರುವ ದಾರಿ ಸುಮಾರು 345 ಕಿ.ಮೀ. ರಸ್ತೆಯಲ್ಲಿ ನಾನೂರರ ಮೇಲೆ. ಹಾವೇರಿಗೆ ಇಳಿದು ಹೆದ್ದಾರಿ ಹಿಡಿಯಿರಿ, ಇಲ್ಲವೇ ಸಿದ್ದಾಪುರ, ಸಾಗರ, ಶಿವಮೊಗ್ಗದ ಮೇಲೆ ಹೋಗಿರಿ, ರಾತ್ರಿ ಬಸ್ಸಿಗೆ ಎಂಟೊಂಬತ್ತು ತಾಸು ಬೇಕು. ಸಿದ್ದಾಪುರದವರು ತಾಳಗುಪ್ಪಕ್ಕೆ ಹೋಗಿ ರೈಲು ಹತ್ತುವುದೂ ಉಂಟು. ಬಸ್ಸಾಗಲಿ ರೈಲಾಗಲಿ ಇಳಿಸುವುದು ಬೆಂಗಳೂರಿನ ನಡುವೆ. ಅಲ್ಲಿಂದ ದೇವನಹಳ್ಳಿಗೆ ಮತ್ತೆ 35 ಕಿ.ಮೀ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ತಾಸು ಮೊದಲು ಅಲ್ಲಿರಬೇಕು. ಬಸ್ಸಿನ ಒಂಬತ್ತು, ಕಾಯುವ ಮೂರು, ಹಾರುವ ಹದಿನಾರು ಎಂದು ಕೂಡಿಸಿದರೆ 28 ತಾಸು. ಈ 28ರಲ್ಲಿ ಹನ್ನೆರಡು ನೆಲದ ಮೇಲಿನವು. ದೂರದ ಲೆಕ್ಕದಲ್ಲಿ ನೂರಕ್ಕೆ ಮೂರು ಪಾಲೂ ಇಲ್ಲದ ಶಿರಸಿ–ಬೆಂಗಳೂರು ರಸ್ತೆಯೊಂದೇ ಸಮಯದಲ್ಲಿ ಮೂರನೇ ಒಂದು ಪಾಲಿಗೆ ಹತ್ತಿರ ಬರುತ್ತದೆ. ಬೆಂಗಳೂರಿನಿಂದ ದುಬೈಗೆ ನಾಲ್ಕು ತಾಸು. ಕೋಲಸಿರ್ಸಿಯಿಂದ ಬೆಂಗಳೂರಿಗೆ ಅದರ ಎರಡು ಪಟ್ಟು. ಇದನ್ನು ಮಲೆನಾಡಿನ ಹಣೆಬರಹ ಎಂದು ಒಪ್ಪಿಕೊಂಡು ಕೂರಬೇಕಾಗಿಲ್ಲ.

ಹತ್ತಿರದ ನಿಲ್ದಾಣಗಳಿಲ್ಲವೇ ಎಂದರೆ, ಇವೆ. ಈ ಮೂರು ತಾಲ್ಲೂಕುಗಳಿಗೆ ಅವು ಬೇರೆ ಬೇರೆ. ಯಲ್ಲಾಪುರದವರಿಗೆ ಹುಬ್ಬಳ್ಳಿ ಎಪ್ಪತ್ತು ಕಿಲೋಮೀಟರ್, ಕಲಘಟಗಿ ಮೇಲಿನ ಹೆದ್ದಾರಿ. ಶಿರಸಿಯವರಿಗೆ ಅದೇ ಹುಬ್ಬಳ್ಳಿ ನೂರು. ಸಿದ್ದಾಪುರದವರಿಗೆ ಶಿವಮೊಗ್ಗದ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಸುಮಾರು 110 ಕಿ.ಮೀ. ದೂರದಲ್ಲಿದೆ. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಅದಕ್ಕೆ ಮೊದಲ ವಿಮಾನ ಬಂದದ್ದು ಅದೇ ವರ್ಷ ಆಗಸ್ಟ್ 31ರಂದು. ಹುಬ್ಬಳ್ಳಿಯಲ್ಲಾದರೆ 2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಎಟಿಆರ್ ವಿಮಾನಗಳನ್ನು ತಂದಾಗಲೇ ಸಾಮಾನ್ಯ ಜನ ವಿಮಾನ ಹತ್ತುವ ರೂಢಿ ಶುರುವಾಗಿತ್ತು. ಈ ಮೂರು ತಾಲ್ಲೂಕುಗಳಿರುವ ಜಿಲ್ಲೆಯವರೇ ಆದ ಭಟ್ಕಳದವರು ಕೊಲ್ಲಿ ದೇಶಗಳಿಗೆ ಮಂಗಳೂರಿನಿಂದಲೇ ಹಾರುತ್ತ ಬಂದಿದ್ದಾರೆ. ಘಟ್ಟದ ಮೇಲಿನವರು ಗೋವಾದ ನಿಲ್ದಾಣಕ್ಕೆ ಹೋಗುವುದಾದರೆ ಘಟ್ಟ ಇಳಿದು ಕರಾವಳಿ ಹೆದ್ದಾರಿ ಹಿಡಿಯಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಜೀವ ಕಳೆದುಕೊಂಡ ಮೇಲೆ ಆ ಹೆದ್ದಾರಿ ಎಷ್ಟೋ ದಿನ ಮುಚ್ಚಿತ್ತು. ಮಳೆಗಾಲದಲ್ಲಿ ಘಟ್ಟದ ರಸ್ತೆ ನಂಬಿ ವಿಮಾನದ ಟಿಕೆಟ್ ಮಾಡಿಸುವುದು ಎದೆಗಾರಿಕೆಯ ಕೆಲಸ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರುವುದು ಒಂದು ತಾಸಿನ ಮಾತು. ಆದರೂ ಅಮೆರಿಕಕ್ಕೆ ಹೊರಟವರು ಬಹುಪಾಲು ರಾತ್ರಿ ಬಸ್ಸು ಅಥವಾ ಬಾಡಿಗೆ ಕಾರನ್ನೇ ಹಿಡಿಯುತ್ತಾರೆ. ಯಾಕೆಂದು ತಿಳಿಯಬೇಕಾದರೆ ಹೊರಡುವ ಹಿಂದಿನ ಸಂಜೆ ಆ ಮನೆಯ ಜಗಲಿ ನೋಡಬೇಕು. ಅಡಿಕೆ ತೂಗುವ ತಕ್ಕಡಿಯೇ ಅಂದು ಸೂಟ್‌ಕೇಸ್ ತೂಗುತ್ತದೆ. ಅಮೆರಿಕಕ್ಕೆ ಸಾಮಾನ್ಯವಾಗಿ ತಲೆಗೆ ಎರಡು ಪೆಟ್ಟಿಗೆ, ಒಂದೊಂದಕ್ಕೆ 23 ಕಿಲೋ. ಹಲಸಿನ ಹಪ್ಪಳದ ಕಟ್ಟು, ಬಾಣಂತಿಯ ಮದ್ದಿನ ಪುಡಿಗಳು, ಮುರುಗಲ ಸಿಪ್ಪೆ, ಜೋನಿಬೆಲ್ಲದ ಡಬ್ಬಿ, ಎಲ್ಲಕ್ಕಿಂತ ಮುಖ್ಯವಾಗಿ ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಕಟ್ಟುವುದಕ್ಕೇ ಒಂದು ಕ್ರಮವಿದೆ: ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ, ಅದಕ್ಕೆ ರಬ್ಬರ್ ಬ್ಯಾಂಡ್, ಮೇಲೆ ಮುಚ್ಚಳ, ಮುಚ್ಚಳದ ಸುತ್ತ ಟೇಪು, ಹೊರಗೆ ಎರಡು ಕವರ್, ಕೊನೆಗೆ ಹಳೆಯ ಸೀರೆಯ ತುಂಡು. ಇಷ್ಟು ಎಚ್ಚರಿಕೆಗೆ ಕಾರಣವಿದೆ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಹಾರುವ ವಿಮಾನದ ಒಳಗೆ, ಲಗೇಜು ಇಡುವ ಕೆಳಗಿನ ಕೋಣೆಯಲ್ಲೂ, ಗಾಳಿಯ ಒತ್ತಡ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ಅಂದರೆ ಮುಚ್ಚಳ ಬಿಗಿದಾಗ ಇದ್ದದ್ದಕ್ಕಿಂತ ಐದನೇ ಒಂದು ಪಾಲು ಕಡಿಮೆ. ಬಾಟಲಿಯೊಳಗೆ ಸಿಕ್ಕಿಕೊಂಡ ಶಿರಸಿಯ ಗಾಳಿ ಹಿಗ್ಗಿ ರಸವನ್ನು ಹೊರಗೆ ತಳ್ಳುತ್ತದೆ. ಬಾಟಲಿ ತುಂಬ ಹೊಯ್ದು, ಗಾಳಿಗೆ ಜಾಗ ಕಡಿಮೆ ಬಿಟ್ಟಷ್ಟೂ ಸೋರಿಕೆ ಕಡಿಮೆ. ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ದ್ರವಕ್ಕೆ ಅವಕಾಶವಿಲ್ಲ, ಜೋನಿಬೆಲ್ಲವೂ ದ್ರವದ ಲೆಕ್ಕಕ್ಕೇ ಬರುತ್ತದೆ. ಒಣ ಕೊಬ್ಬರಿಗಂತೂ ನಿಷೇಧವಿದೆ. ಎಣ್ಣೆ ತುಂಬಿದ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ.

ಇಷ್ಟೆಲ್ಲ ಕಟ್ಟಿಕೊಂಡು ಹುಬ್ಬಳ್ಳಿ ನಿಲ್ದಾಣಕ್ಕೆ ಹೋದರೆ ದೇಶದೊಳಗಿನ ಟಿಕೆಟ್ಟಿಗೆ ಸಾಮಾನ್ಯವಾಗಿ ಸಿಗುವ ಮಿತಿ 15 ಕಿಲೋ. ಉಳಿದ 31 ಕಿಲೋಗೆ ಕಿಲೋ ಲೆಕ್ಕದಲ್ಲಿ ಹಣ ತೆರಬೇಕು. ರಾತ್ರಿ ಬಸ್ಸಿನವರು ಅಷ್ಟನ್ನೂ ಡಿಕ್ಕಿಗೆ ಹಾಕಿ ಸುಮ್ಮನಾಗುತ್ತಾರೆ. ಅದಕ್ಕೇ ಬಸ್ಸು.

ಇದಕ್ಕೆ ದಾರಿ ಇಲ್ಲದೆ ಇಲ್ಲ. ಹುಬ್ಬಳ್ಳಿಯಿಂದ ಬೆಂಗಳೂರು, ಬೆಂಗಳೂರಿನಿಂದ ವಿದೇಶ ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ಮಾಡಿಸಿದರೆ ಸಾಮಾನ್ಯವಾಗಿ ವಿದೇಶ ಪ್ರಯಾಣದ ಲಗೇಜು ಮಿತಿಯೇ ಮೊದಲ ತುಂಡಿಗೂ ಅನ್ವಯವಾಗುತ್ತದೆ. ಹುಬ್ಬಳ್ಳಿ ವಿಮಾನ ಮಳೆಗೋ ಮೋಡಕ್ಕೋ ತಡವಾಗಿ ಮುಂದಿನ ವಿಮಾನ ತಪ್ಪಿದರೆ ಬೇರೆ ವಿಮಾನದಲ್ಲಿ ಕಳಿಸುವ ಹೊಣೆ ಟಿಕೆಟ್ ಕೊಟ್ಟ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ ಆದರೆ ಆ ನಷ್ಟ ಪೂರ್ತಿ ಪ್ರಯಾಣಿಕರದೇ. ಮೊಬೈಲಿನಲ್ಲಿ ಕಡಿಮೆ ದರ ಹುಡುಕುವ ಮಕ್ಕಳು ಗಮನಿಸಬೇಕಾದದ್ದು ಇದನ್ನು. ಎರಡು ಸಾವಿರ ರೂಪಾಯಿ ಉಳಿಸಲು ಹೋಗಿ ಅಪ್ಪ ಅಮ್ಮನನ್ನು ಬೆಂಗಳೂರಿನಲ್ಲಿ ಪೇಚಿಗೆ ಸಿಲುಕಿಸಬಾರದು. ಬೆಂಗಳೂರಿನಲ್ಲಿ ದೇಶದೊಳಗಿನ ಹಲವು ವಿಮಾನಗಳು ಒಂದನೇ ಟರ್ಮಿನಲ್‌ಗೆ ಬರುತ್ತವೆ. ವಿದೇಶಿ ಹಾರಾಟಗಳು 2023ರ ಸೆಪ್ಟೆಂಬರ್‌ನಿಂದ ಎರಡನೆಯದರಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೋಗಬೇಕು, ಅದಕ್ಕೂ ಹೊತ್ತು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹುಬ್ಬಳ್ಳಿ ಅಥವಾ ಶಿವಮೊಗ್ಗದಿಂದ ಹಾರುವವರು ವಿದೇಶಿ ವಿಮಾನದ ಹಿಂದಿನ ದಿನವೇ ಬೆಂಗಳೂರು ಸೇರಿ, ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಯುವುದು ಕ್ಷೇಮ.